ದೂರಾನಾ?

ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು.
ಕೇಳಿದ್ದಕ್ಕೆ ಅಜ್ಜಿ ಒಂದು ಸಲ ನನ್ನ ಕಿವಿ ಹಿಂಡಿ,
ಗೇಟು ದಾಟಿದ್ದ ಮಾವನನ್ನು ವಾಪಸು ಕರೆದು
ನೀರು ಕುಡಿಸಿ, ಐದು ನಿಮಿಷ ಕೂರಿಸಿ ಕಳಿಸಿದ್ದಳು.
ಕೇಳಲೇಬೇಕಿದ್ದರೆ, ದೂರಾನಾ, ಅನ್ನು.
ಹೇಳುವವರು ಹೇಳುತ್ತಾರೆ.
ಉಳಿದವರು ತಲೆಯಾಡಿಸಿ ಹೋಗುತ್ತಾರೆ.

ಈಗ ನನಗೆ ಮನೆಯೊಂದಕ್ಕೆ ತೊಂಬತ್ತು ರೂಪಾಯಿ,
ಎಲ್ಲಿಗೆ ಅಂತ ಕೇಳುವುದಕ್ಕೆ.
ಎಲ್ಲಿಂದ, ಎಷ್ಟು ಹೊತ್ತಿಗೆ, ಯಾತರಲ್ಲಿ, ಯಾಕೆ.
ಲಗ್ಗೆರೆಯಿಂದ ಸುಂಕದಕಟ್ಟೆಯವರೆಗೆ
ನಾಯಿಗಳಿಗೆಲ್ಲ ನನ್ನ ಟ್ಯಾಬ್ಲೆಟ್ಟಿನ ಪರಿಚಯ.

ಜನ ನಿನ್ನೆಯನ್ನು ಮರೆತಿರುತ್ತಾರೆ.
ಫ್ಯಾಕ್ಟರಿ, ಮನೆ, ಅಷ್ಟೇ ಕಣಮ್ಮ, ಅನ್ನುತ್ತಾರೆ.
ನಡುವೆ ಮಗುವಿಗೆ ಪೆನ್ಸಿಲ್ ತಂದದ್ದು,
ಹಿಟ್ಟಿನ ಗಿರಣಿಯಲ್ಲಿ ಸಾಲು ನಿಂತದ್ದು,
ಯಾರದೋ ತಿಥಿಗೆ ಮುಖ ತೋರಿಸಿ ಬಂದದ್ದು ಇಲ್ಲ.
ಕಾಲಲ್ಲಿ ನಡೆದದ್ದು
ನಡೆದದ್ದೇ ಅಲ್ಲ ಅವರ ಲೆಕ್ಕದಲ್ಲಿ.

ಅದಕ್ಕೇ ಇನ್ನರ್ಧ ರಾಜಾಜಿನಗರದ ಆಫೀಸಿನಲ್ಲಿದೆ:
ಒಪ್ಪಿ ರುಜು ಹಾಕಿದವರ ಫೋನು
ಯಾವ ಟವರಿಗೆ ಎಷ್ಟು ಗಂಟೆಗೆ ಓಗೊಟ್ಟಿತೆಂಬ ಪಟ್ಟಿ.
ಶ್ರೀಪಾದ ಸರ್ ಬೋರ್ಡಿನ ಮೇಲೆ ಎರಡು ಸೊನ್ನೆ ಸುತ್ತಿ ಹೇಳಿದ್ದರು:
ಟವರು ಮರೆಯುವುದಿಲ್ಲ, ಅದಕ್ಕೆ ಯಾಕೆ ಅಂತ ಗೊತ್ತಿಲ್ಲ.
ಜನಕ್ಕೆ ಯಾಕೆ ಅಂತ ಗೊತ್ತು, ಎಷ್ಟು ಸಲ ಅಂತ ನೆನಪಿಲ್ಲ.
ಎರಡನ್ನೂ ಕೂಡಿಸಿದರೆ ಊರಿನ ಓಡಾಟ ಸಿಗುತ್ತದೆ.
ಕೂಡದಿದ್ದರೆ? ಅಂತ ಕೇಳಿದೆ.
ಕೂಡದ ಮನೆಗೆ ನೀವೇ ಇನ್ನೊಂದು ಸಲ ಹೋಗಬೇಕು, ಅಂದರು.

ಲಗ್ಗೆರೆ, ಮೂರನೇ ಅಡ್ಡರಸ್ತೆ,
ಹೊಂಬಾಳಮ್ಮ, ಐವತ್ತೊಂದು.
ಫಾರಂ ಪ್ರಕಾರ ಪ್ರಯಾಣ ಸೊನ್ನೆ.
ಪಟ್ಟಿಯ ಪ್ರಕಾರ, ರಾತ್ರಿ ಹನ್ನೊಂದರಿಂದ ಬೆಳಗಿನ ಐದರೊಳಗೆ
ಲಗ್ಗೆರೆಗೂ ನಂದಿನಿ ಲೇಔಟಿಗೂ
ನಲವತ್ತಮೂರು ಸಲ.

ಹಾಲಿನಲ್ಲಿ ಮಂಚ. ಸುತ್ತ ತಂಗಿಯ ಟ್ಯೂಷನ್ ಹುಡುಗರು
ಹದಿನೇಳರ ಮಗ್ಗಿ ಕೂಗುತ್ತಿದ್ದರು.
ಸೊಂಟದಲ್ಲಿ ರಾಡು. ಎರಡು ವರ್ಷ ಆಯ್ತು,
ಫುಟ್‌ಬೋರ್ಡಿನಿಂದ ಬಿದ್ದು.
ಹತ್ತೊಂಬತ್ತು ವರ್ಷ ಕಂಡಕ್ಟರು ಆಗಿದ್ದೋಳು ನಾನು, ಅಂದರು,
ನಾನೇ ಏನೋ ಸುಳ್ಳು ಬರೆದುಕೊಂಡಿದ್ದೇನೆ ಎಂಬಂತೆ ನೋಡಿ.

ಫೋನು ದಿಂಬಿನ ಕೆಳಗಿತ್ತು.
ಮನೆ ಇರುವುದು ಎರಡು ಟವರುಗಳ ಸರಹದ್ದಿನಲ್ಲಿ.
ಹೊಸ ಮದುವಣಗಿತ್ತಿಯ ಹಾಗೆ ಅದು
ಒಂದು ಗಳಿಗೆ ಛತ್ರದ ಮೇಲಿನ ಟವರಿಗೆ,
ಒಂದು ಗಳಿಗೆ ರಿಂಗ್ ರೋಡಿನಾಚೆಯದಕ್ಕೆ
ಹೋಗಿ ಬಂದು ಮಾಡುತ್ತದೆ, ಇದ್ದಲ್ಲೇ.
ಇದನ್ನು ಕಸ ಅಂತಾರೆ ಅಮ್ಮ, ಜರಡಿ ಹಿಡಿದು ತೆಗೀತಾರೆ.

ಹೊಂಬಾಳಮ್ಮ ಛಾವಣಿ ನೋಡುತ್ತ ಎಣಿಸಿದರು.
ನಲವತ್ತಮೂರು ಅಂದೆಯಲ್ಲ? ಬೆಸ.
ಹಾಗಾದ್ರೆ ಕೊನೇ ಟ್ರಿಪ್ಪು ವಾಪಸು ಬಂದಿಲ್ಲ.
ನಂದಿನಿ ಲೇಔಟಲ್ಲಿ ನೈಟ್ ಹಾಲ್ಟು.
ಮಗ್ಗಿ ನಿಂತಿತು. ಹುಡುಗರು ನಮ್ಮ ಕಡೆ ತಿರುಗಿದ್ದರು.
ನಿದ್ದೆ ಬರಲ್ಲ ಕಣೆ, ಅಂದರು. ದಿನಾ ರಾತ್ರಿ
ಮಾರ್ಕೆಟ್ಟಿಂದ ಒಂದೊಂದೇ ಸ್ಟಾಪು ಕೂಗಿಕೊಂಡು ಬರ್ತೀನಿ.
ಈ ಮುಂಡೇದಕ್ಕೆ ಹೇಗೆ ಗೊತ್ತಾಯ್ತು?

ಯಾಕೆ ಎಂಬ ಕಾಲಮ್ಮಿನಲ್ಲಿ ಆರೇ ಉತ್ತರ:
ಕೆಲಸ, ಶಾಲೆ, ಅಂಗಡಿ, ಆಸ್ಪತ್ರೆ, ದೇವರು, ಇತರೆ.
ಸೊನ್ನೆ ಮಾತ್ರ ಬರೀಬೇಡ, ಅಂದರು.
ಟಿಕೆಟ್ಟಿಲ್ಲದ ಪ್ರಯಾಣ ಅಂತ ಬರಿ.
ದಂಡ ಕಟ್ಟಿಬಿಡ್ತೀನಿ.

ಷರಾದಲ್ಲಿ ಬರೆದೆ. ಅರವತ್ತು ಅಕ್ಷರಕ್ಕೆ ಅದು ಕತ್ತರಿಸಿತು.
ಆಫೀಸಿನಲ್ಲಿ ಷರಾ ಯಾರೂ ಓದುವುದಿಲ್ಲ.

ಚಪ್ಪಲಿ ಮೆಟ್ಟುವಾಗ ಒಳಗಿನಿಂದ ದನಿ:
ದೂರಾನಾ?
ಅಜ್ಜಿ ಹೋದಮೇಲೆ
ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.
ಇಲ್ಲೇ, ಸುಂಕದಕಟ್ಟೆ, ಅಂದೆ.
ಯಾತರಲ್ಲಿ ಅಂತ ಕೇಳಲಿಲ್ಲ, ಯಾಕೆ ಅಂತಲೂ.
ಚಿಲ್ಲರೆ ಇದೆಯಾ,
ಅಂತಷ್ಟೇ ಕೇಳಿದರು.